ಹಿಟ್ಟಿನ ಕೋಳಿಯೂ ಪ್ಲಾಸ್ಟಿಕ್ ಕೊಡಲಿಯೂ

ಅಕ್ಟೋಬರ್ ತಿಂಗಳ ಕೊನೆಯ ವಾರ ಬಂತೆಂದರೆ ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿಯೂ ಬಹುಮಹಡಿ ವಸತಿಗಳಲ್ಲಿಯೂ ಹ್ಯಾಲೋವೀನ್ ಎಂಬ ಹಬ್ಬದ ಸಡಗರ ಕಾಣತೊಡಗುತ್ತದೆ. ಹೆದ್ದಾರಿಯ ಗುಂಟ ಬೆಳೆದ ಕೈಗಾರಿಕೆಗಳ ಜೊತೆಯಲ್ಲಿಯೇ ಅದು ನಮ್ಮ ಸೀಮೆಗೂ ನಡೆದುಬಂದಿದೆ. ಮಾಲೂರು, ಕೋಲಾರಗಳ ಕೆಲವು ಶಿಶುವಿಹಾರಗಳಿಂದ ಪೋಷಕರ ಮೊಬೈಲಿಗೆ ಸೂಚನೆ ಬರುತ್ತದೆ: ಮಗುವಿಗೆ ಕಪ್ಪು ಬಟ್ಟೆ ತೊಡಿಸಿ, ದೆವ್ವದ ಮುಖವಾಡ ಹಾಕಿ, ಮಿಠಾಯಿ ಕಟ್ಟಿ ಕಳುಹಿಸಿ. ಮುಳಬಾಗಿಲು, ಶ್ರೀನಿವಾಸಪುರಗಳನ್ನು ತಲುಪಲು ಇದಕ್ಕೆ ಬಹಳ ಕಾಲ ಬೇಕಾಗದು.

ಈ ಸೂಚನೆಯನ್ನು ಕಂಡಾಗ ನಮ್ಮ ಸಮಾಜದಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ‘ಮಕ್ಕಳ ಆಟ, ಬಿಡಿ, ಅದರಲ್ಲೇನಿದೆ?’ ಇನ್ನೊಂದು, ‘ಪರದೇಶದ ಹಬ್ಬ, ಬಹಿಷ್ಕರಿಸಿ.’ ಎರಡೂ ಯೋಚನೆಯ ಶ್ರಮವನ್ನು ತಪ್ಪಿಸಿಕೊಳ್ಳುವ ಮಾತುಗಳೆಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲನೆಯವರು ಆಟದೊಳಗಿನ ಹಿಂಸೆಯನ್ನು ನೋಡುವುದಿಲ್ಲ. ಎರಡನೆಯವರು ಹಿಂಸೆಯನ್ನು ಬಿಟ್ಟು ಅದರ ಊರನ್ನು ನೋಡುತ್ತಾರೆ. ಶ್ರಾವಕನಾದವನು ಕೇಳಬೇಕಾದ ಪ್ರಶ್ನೆ ಇವೆರಡೂ ಅಲ್ಲ: ಇದರಲ್ಲಿ ಮಗುವಿನ ಭಾವಕ್ಕೆ ಕೇಡು ಮಾಡುವುದು ಯಾವುದು, ಹರ್ಷ ತರುವುದು ಯಾವುದು, ಯಾವ ವಯಸ್ಸಿನ ಮಗುವಿಗೆ ಎಷ್ಟು ಸಲ್ಲುತ್ತದೆ?

ಮೊದಲಿಗೆ ಹಬ್ಬದ ಮೂಲವನ್ನು ನೋಡೋಣ. ಕ್ರೈಸ್ತರು ನವೆಂಬರ್ 1ರಂದು ಸಕಲ ಸಂತರ ದಿನವನ್ನೂ 2ರಂದು ಅಗಲಿದವರ ಸ್ಮರಣೆಯ ದಿನವನ್ನೂ ಆಚರಿಸುತ್ತಾರೆ. ಸಂತರ ದಿನದ ಮುನ್ನಾ ಸಂಜೆಯೇ ಹ್ಯಾಲೋವೀನ್. ಸುಗ್ಗಿ ಮುಗಿದು ಚಳಿಗಾಲ ಹೊಗುವ ಕಾಲಕ್ಕೆ ಐರ್ಲೆಂಡಿನ ಪ್ರಾಚೀನ ಜನರು ನಡೆಸುತ್ತಿದ್ದ ಆಚರಣೆಯ ನೆನಪುಗಳೂ ಅದರಲ್ಲಿ ಬೆರೆತಿವೆ. ಅಲ್ಲಿಯವರು ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಕುಂಬಳಕಾಯಿ ಬಂತು. ಕಂದಮೂಲವನ್ನು ಬಿಟ್ಟವರಾದ ನಮಗೆ ಈ ಬದಲಾವಣೆಯಾದರೂ ಸಮಾಧಾನ ತರಬೇಕು! ಅಂಗಡಿಯ ರಕ್ತ, ಅಸ್ಥಿಪಂಜರ, ಕೊಡಲಿಗಳು ಈಚಿನ ವ್ಯಾಪಾರದ ಸೇರ್ಪಡೆಗಳು. ನಮ್ಮ ನೆರೆಯ ಚಿನ್ನದ ಗಣಿಯ ಕ್ರೈಸ್ತ ಕುಟುಂಬಗಳು ನವೆಂಬರ್ 2ರಂದು ತಮ್ಮವರ ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುತ್ತವೆ. ಆ ಗಂಭೀರ ಶ್ರದ್ಧೆಗೂ ಸುಳ್ಳುರಕ್ತ ಬಳಿದ ಮುಖವಾಡಕ್ಕೂ ಏನು ಸಂಬಂಧ? ಆದುದರಿಂದ ನನ್ನ ಆಕ್ಷೇಪ ಯಾವ ಮತದ ಮೇಲೂ ಅಲ್ಲ.

ಈಗ ‘ಬರಿಯ ಆಟ’ ಎನ್ನುವವರಿಗೆ ಒಂದು ಮಾತು. ಕನ್ನಡದ ಜೈನರಿಗೆ ಈ ವಾದ ಹೊಸದಲ್ಲ. ಕ್ರಿ.ಶ. 1209ರಲ್ಲಿ ಜನ್ನ ಕವಿ ರಚಿಸಿದ ‘ಯಶೋಧರ ಚರಿತೆ’ಯ ಕಥೆಯನ್ನು ನೆನೆಯಿರಿ. ತಾಯಿ ಚಂದ್ರಮತಿ ದೇವಿಗೆ ಪ್ರಾಣಿಬಲಿ ಕೊಡಬೇಕೆನ್ನುತ್ತಾಳೆ, ಯಶೋಧರ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ನಡುದಾರಿಯೊಂದನ್ನು ಹಿಡಿಯುತ್ತಾರೆ: ಹಿಟ್ಟಿನ ಕೋಳಿ. ಅದರಲ್ಲಿ ಪ್ರಾಣವಿಲ್ಲ, ರಕ್ತವಿಲ್ಲ, ನೋವಿಲ್ಲ. ಆದರೂ ಕೊಲ್ಲುತ್ತೇನೆಂಬ ಸಂಕಲ್ಪದಿಂದ ಕತ್ತಿಯೆತ್ತಿದ ಆ ಒಂದು ಗಳಿಗೆಗಾಗಿ ತಾಯಿಮಗ ನವಿಲು ನಾಯಿಗಳಾಗಿ, ಮತ್ತೂ ಹಲವು ಪ್ರಾಣಿಗಳಾಗಿ ಭವಭವಗಳಲ್ಲಿ ತೊಳಲಿದರು. ಹಿಂಸೆ ಕತ್ತಿಯ ಅಲಗಿನಲ್ಲಿಲ್ಲ, ಹಿಡಿದವನ ಭಾವದಲ್ಲಿದೆ ಎಂಬ ತತ್ತ್ವವನ್ನು ಇದಕ್ಕಿಂತ ಮನಮುಟ್ಟುವಂತೆ ಹೇಳಿದ ಕಥೆ ನಮ್ಮ ಭಾಷೆಯಲ್ಲಿ ಅಪರೂಪ. ಏಳು ವರ್ಷದ ಮಗುವಿನ ಕೈಗೆ ಕೆಂಪು ಬಳಿದ ಪ್ಲಾಸ್ಟಿಕ್ ಕೊಡಲಿಯನ್ನು ಕೊಟ್ಟು, ‘ಗೆಳೆಯನ ಕತ್ತು ಕಡಿಯುವಂತೆ ನಿಲ್ಲು, ಫೋಟೋ ತೆಗೆಯುತ್ತೇನೆ’ ಎನ್ನುವ ತಂದೆತಾಯಿಗಳು ಹಿಟ್ಟಿನ ಕೋಳಿಯ ಕಥೆಯನ್ನು ಮರೆತಿದ್ದಾರೆ.

‘ಯಶೋಧರ ಬಲ್ಲವನು, ಮಗು ಅರಿಯದ್ದು, ಅದಕ್ಕೆಲ್ಲಿಯ ಸಂಕಲ್ಪ?’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಮಗುವಿನ ಮೇಲೆ ದೋಷ ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ನಮ್ಮ ಶಾಸ್ತ್ರಗಳು ಕರ್ಮದ ಲೆಕ್ಕವನ್ನು ಮಾಡಿದವನಲ್ಲಿಗೆ ಮುಗಿಸುವುದಿಲ್ಲ. ಕೃತ, ಕಾರಿತ, ಅನುಮತ ಎಂದು ಮೂರು ಬಗೆ: ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದಕ್ಕೆ ಒಪ್ಪುವುದು. ಮಗು ಆಡುತ್ತದೆ, ಮಾಡಿಸಿದವರು ಶಿಕ್ಷಕರು, ಒಪ್ಪಿದವರು ಪೋಷಕರು. ಲೆಕ್ಕ ನಮ್ಮ ಹೆಸರಿನಲ್ಲಿಯೇ ಬರೆಯಲ್ಪಡುತ್ತದೆ.

ವ್ಯಾಪಾರಿ ಬಂಧುಗಳಿಗೂ ಇದರಲ್ಲಿ ಪಾಲಿದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು ಐದು ವಿಧವಾಗಿ ವಿವರಿಸಿದ್ದಾರೆ. ಅವುಗಳಲ್ಲಿ ಹಿಂಸಾದಾನ ಒಂದು: ಹಿಂಸೆಯ ಸಾಧನಗಳನ್ನು ಪರರ ಕೈಗೆ ಕೊಡುವುದು. ಆಚಾರ್ಯರು ಹೆಸರಿಸಿದ ಸಾಧನಗಳಲ್ಲಿ ಕೊಡಲಿಯೂ ಇದೆ, ಕತ್ತಿಯೂ ಇದೆ. ಆಟಿಕೆಯ ಕೊಡಲಿ ಕಡಿಯುವುದಿಲ್ಲವೆಂಬುದು ನಿಜ. ಆದರೆ ಕಡಿಯುವ ಭಾವವನ್ನೇ ಅದು ಮಾರುತ್ತದೆ. ಇನ್ನೊಂದು ವಿಧ ದುಃಶ್ರುತಿ, ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು. ನಾನೂ ವ್ಯಾಪಾರಿಯೇ. ‘ಬೇಡಿಕೆ ಇದೆ, ಇಟ್ಟಿದ್ದೇವೆ’ ಎಂಬ ಸಮಾಧಾನ ಖಾತೆಪುಸ್ತಕಕ್ಕೆ ಸಾಕು, ವ್ರತಕ್ಕೆ ಸಾಲದು.

ಇನ್ನು ಭಯದ ವಿಚಾರ. ಭಯ, ಜುಗುಪ್ಸೆಗಳೆರಡೂ ಒಂಬತ್ತು ನೋಕಷಾಯಗಳಲ್ಲಿ ಸೇರಿವೆ. ಭೀಕರ ವೇಷದ ಬಂಡವಾಳವೇ ಇವೆರಡು. ಹಾಸ್ಯವೂ ಅದೇ ಪಟ್ಟಿಯಲ್ಲಿದೆಯಲ್ಲವೇ ಎಂದು ಬಲ್ಲವರು ಕೇಳಿಯಾರು. ಇದೆ. ಆದರೆ ಗೃಹಸ್ಥನಿಗೆ ವಿಧಿಸಿರುವುದು ಅಣುವ್ರತ. ಮಗುವಿನ ನಗುವನ್ನು ಕಸಿದುಕೊಳ್ಳುವುದು ಅದರಲ್ಲಿಲ್ಲ. ಸಮ್ಯಗ್ದೃಷ್ಟಿಯಾದವನು ಸಪ್ತಭಯಗಳಿಂದ ಮುಕ್ತನೆಂದು ಕುಂದಕುಂದಾಚಾರ್ಯರ ‘ಸಮಯಸಾರ’ ತಿಳಿಸುತ್ತದೆ. ಹೀಗಿರುವಾಗ ಭಯವನ್ನು ಬಿಡಿಸಬೇಕಾದ ಶಾಲೆಯೇ ಭಯವನ್ನು ಬಿತ್ತಿದರೆ ಅದು ಯಾವ ಶಿಕ್ಷಣ? ನಾಲ್ಕೈದು ವರ್ಷದ ಮಗುವಿಗೆ ತೋರಿಕೆ ಯಾವುದು, ನಿಜ ಯಾವುದು ಎಂಬ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ದಿನವೂ ಕಾಣುವ ಶಿಕ್ಷಕಿಯ ಮುಖ ಮುಖವಾಡದ ಹಿಂದೆ ಮರೆಯಾದರೆ ಅದಕ್ಕೆ ಶಿಕ್ಷಕಿಯೇ ಇಲ್ಲವಾದಂತೆ. ನಾವು ನಕ್ಕು ಮರೆಯುತ್ತೇವೆ; ಅದು ರಾತ್ರಿ ಬೆಚ್ಚಿ ಏಳುತ್ತದೆ.

ದೊಡ್ಡವರಾದರೂ ಭಯದಿಂದ ಪಾರಾದವರೇ? 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ರಾತ್ರಿ ಪರಿಚಿತರ ದನಿಯಲ್ಲಿ ಕೂಗಿ ಬಾಗಿಲು ತಟ್ಟುವ ದೆವ್ವ ಆ ಬರಹವನ್ನು ಓದಿ ಹಿಂದಿರುಗುತ್ತದೆಯೆಂಬ ವದಂತಿ ಅದು. ‘ತತ್ತ್ವಾರ್ಥಸೂತ್ರ’ದ ನಾಲ್ಕನೆಯ ಅಧ್ಯಾಯವನ್ನು ಓದಿದವರಿಗೆ ಭೂತವೂ ಪಿಶಾಚವೂ ವ್ಯಂತರ ದೇವರ ಎಂಟು ಭೇದಗಳಲ್ಲಿ ಸೇರಿದವೆಂಬುದು ತಿಳಿದಿದೆ. ಅವೂ ಕರ್ಮಬದ್ಧ ಜೀವಗಳು, ಆಯುಷ್ಯ ಮುಗಿದೊಡನೆ ಬೇರೆ ಗತಿಗೆ ಸಾಗುವಂಥವು. ಕರುಣೆಗೆ ಪಾತ್ರವಾದ ಜೀವವನ್ನು ಭಯಕ್ಕೂ ಗೇಲಿಗೂ ವಸ್ತುವಾಗಿಸುವುದು ನಮ್ಮ ದರ್ಶನಕ್ಕೆ ಒಪ್ಪುವುದಿಲ್ಲ. ಈ ಮಾತನ್ನು ಹತ್ತು ವರ್ಷದ ಮಗುವಿಗೆ ಹೇಳಿ ನೋಡಿ: ‘ದೆವ್ವವೆಂಬುದಿದ್ದರೆ ಅದೂ ನಿನ್ನಂತೆ ಒಂದು ಜೀವ.’ ಯಾವ ತಾಯಿತಕ್ಕೂ ಇಲ್ಲದ ಧೈರ್ಯ ಆ ಮಾತಿನಲ್ಲಿದೆ.

ಈಗ ಬಹಿಷ್ಕಾರವಾದಿಗಳ ಸರದಿ. ಪರದೇಶದ ಹಬ್ಬವೆಂಬುದೇ ದೋಷವಾದರೆ ಸ್ವದೇಶದ್ದೆಲ್ಲ ನಿರ್ದೋಷವೇ? ಆಯುಧಪೂಜೆಯ ದಿನ ನಮ್ಮ ಪೇಟೆಬೀದಿಗಳಲ್ಲಿ ನಡೆದುನೋಡಿ. ಬೂದುಗುಂಬಳವನ್ನು ಕೊರೆದು ಕುಂಕುಮ ತುಂಬಿ ನೆಲಕ್ಕಪ್ಪಳಿಸುವುದು ಏನನ್ನು ಸೂಚಿಸುತ್ತದೆ? ಬಲಿಯ ಬದಲಿಗೆ ಬಂದ ಕಾಯಿ ಅದು, ರಕ್ತದ ಬದಲಿಗೆ ಬಂದ ಕುಂಕುಮ. ಹಿಟ್ಟಿನ ಕೋಳಿಯ ಇನ್ನೊಂದು ರೂಪ. ಜೈನರ ಅಂಗಡಿಗಳ ಮುಂದೆಯೂ ಅದು ಒಡೆಯುತ್ತದೆ. ದ್ವಿಚಕ್ರ ವಾಹನದವರು ಅದರ ಮೇಲೆ ಜಾರಿ ಬೀಳುತ್ತಾರೆ. ಹೊಸ ಕಟ್ಟಡಕ್ಕೆ ನಾಲಗೆ ಚಾಚಿದ ದೃಷ್ಟಿಬೊಂಬೆಯನ್ನು ನೇತುಹಾಕುವವರಲ್ಲಿ ನಮ್ಮವರಿಲ್ಲವೇ? ನಮ್ಮ ಬೂದುಗುಂಬಳ ಸಂಸ್ಕೃತಿ, ಅವರ ಸಿಹಿಗುಂಬಳ ವಿಕೃತಿ ಎನ್ನುವ ವಾದವನ್ನು ಮಕ್ಕಳು ಒಂದೇ ಪ್ರಶ್ನೆಯಿಂದ ಕೆಡವಬಲ್ಲರು. ಲೋಕಮೂಢತೆಗೆ ದೇಶಭೇದವಿಲ್ಲ.

ಬಹಿಷ್ಕಾರದ ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ‘ಬೇಡ’ ಎಂದ ಮೇಲೆ ಮಗುವಿಗೆ ಏನನ್ನು ಕೊಡುತ್ತೇವೆ? 2024ರಲ್ಲಿ ಅಕ್ಟೋಬರ್ 31ರಂದೇ ನರಕಚತುರ್ದಶಿ ಬಂದಿತ್ತು. ಅಂದರೆ ಹ್ಯಾಲೋವೀನೂ ವರ್ಧಮಾನ ಸ್ವಾಮಿಯ ನಿರ್ವಾಣೋತ್ಸವವೂ ಬೆನ್ನಿಗೆ ಬೆನ್ನು ಹಚ್ಚಿ ಬಂದುವು. ಕತ್ತಲಿನ ಹಬ್ಬಕ್ಕೆ ವೇಷವಿತ್ತು, ಗೆಳೆಯರಿದ್ದರು, ಮಿಠಾಯಿಯಿತ್ತು. ಬೆಳಕಿನ ಹಬ್ಬಕ್ಕೆ ನಮ್ಮ ಮಕ್ಕಳು ಕೇಳಿದ್ದೇನು? ಪಟಾಕಿ ಬೇಡ, ಕತ್ತಲಾದ ಮೇಲೆ ತಿನ್ನಬೇಡ, ಗಲಾಟೆ ಬೇಡ. ಮೂರೂ ಸರಿಯಾದ ಮಾತುಗಳೇ. ಆದರೆ ಮೂರು ‘ಬೇಡ’ಗಳನ್ನು ಕೂಡಿಸಿದರೆ ಒಂದು ಹಬ್ಬವಾಗುವುದಿಲ್ಲ. ಪಾವಾಪುರಿಯಲ್ಲಿ ಜ್ಞಾನಜ್ಯೋತಿ ಮರೆಯಾದಾಗ ಅರಸರು ದೀಪಗಳನ್ನು ಬೆಳಗಿಸಿದರೆಂದು ‘ಕಲ್ಪಸೂತ್ರ’ ಹೇಳುತ್ತದೆ, ಕ್ರಿ.ಶ. 783ರ ಜಿನಸೇನರ ‘ಹರಿವಂಶಪುರಾಣ’ವೂ ಈ ದೀಪೋತ್ಸವವನ್ನು ವರ್ಣಿಸುತ್ತದೆ. ಇಷ್ಟು ಸುಂದರವಾದ ಕಥೆಯನ್ನು ಕೈಯಲ್ಲಿಟ್ಟುಕೊಂಡು ನಾವು ಮಕ್ಕಳಿಗೆ ಲಾಡುವಿನ ಪ್ರಸಾದ ಕೊಟ್ಟು ಮನೆಗೆ ಕಳುಹಿಸುತ್ತೇವೆ.

ಹಾಗಾದರೆ ಮಾಡಬೇಕಾದುದೇನು? ಶಾಲೆ ಈ ದಿನವನ್ನು ಆಚರಿಸುವುದಾದರೆ ಪೋಷಕರು ಮುಖ್ಯೋಪಾಧ್ಯಾಯರನ್ನು ಮುಂಚೆಯೇ ಕಂಡು ವಿನಯದಿಂದ ಮಾತನಾಡಲಿ. ವೇಷವಿರಲಿ, ಭೀಕರತೆ ಬೇಡ. ರಕ್ತ, ಆಯುಧ, ನೇಣು, ಹೆಣ ಇವು ಯಾವ ವಯಸ್ಸಿಗೂ ಬೇಡ. ಕಾರ್ಯಕ್ರಮ ಹಗಲಿನಲ್ಲಿಯೇ ಮುಗಿಯಲಿ. ಅಳುವ ಮಗುವನ್ನು ಬಲವಂತವಾಗಿ ಕೂರಿಸದಿರಲಿ. ಈ ಕೋರಿಕೆಯಲ್ಲಿ ಜೈನರಿಗೆ ಮಾತ್ರ ಸಲ್ಲುವುದು ಏನೂ ಇಲ್ಲ. ಎಲ್ಲ ಮಕ್ಕಳ ತಂದೆತಾಯಿಗಳೂ ಒಪ್ಪಬಹುದಾದದ್ದು.

ಆರು ವರ್ಷದೊಳಗಿನವರಿಗೆ ಮುಖ ಮುಚ್ಚುವ ಮುಖವಾಡವೇ ಬೇಡ. ಹಕ್ಕಿ, ಹಣ್ಣು, ಪ್ರಾಣಿಗಳ ವೇಷ ಸಾಕು. ತೀರ್ಥಂಕರರ ಲಾಂಛನಗಳನ್ನೇ ನೋಡಿ: ವೃಷಭನಾಥರ ಎತ್ತು, ಅಜಿತನಾಥರ ಆನೆ, ಶಾಂತಿನಾಥರ ಜಿಂಕೆ, ಮುನಿಸುವ್ರತರ ಆಮೆ, ಮಹಾವೀರರ ಸಿಂಹ. ಇಷ್ಟು ಚೆಲುವಾದ ವೇಷಗಳ ಪಟ್ಟಿ ಬೇರೆಲ್ಲಿದೆ? ತೀರ್ಥಂಕರರ, ಮುನಿಗಳ ವೇಷವನ್ನು ಮಾತ್ರ ಹಾಕಿಸಬಾರದು, ಅದು ಅವಿನಯ. ಆರರಿಂದ ಹತ್ತರವರೆಗಿನವರು ಕುಂಬಳಕಾಯಿಯಲ್ಲಿ ನಗುವ ಮುಖವನ್ನು ಕೊರೆಯಲಿ. ತೆಗೆದ ತಿರುಳು ಪಲ್ಯಕ್ಕೂ ಹಲ್ವಕ್ಕೂ ಆಗಲಿ, ಬೀಜವನ್ನು ಒಣಗಿಸಿಡಲಿ. ಒಳಗೆ ಉರಿಯುವ ಬತ್ತಿಯ ಬದಲು ಪುಟ್ಟ ವಿದ್ಯುದ್ದೀಪವಿರಲಿ. ಹುಳುಗಳು ಜ್ವಾಲೆಗೆ ಬಿದ್ದು ಸಾಯುವುದು ತಪ್ಪುತ್ತದೆ. ಹತ್ತು ದಾಟಿದವರಿಗೆ ಹಬ್ಬದ ಚರಿತ್ರೆಯನ್ನು ಹೇಳಿ. ‘ನಾಳೆ ಬಾ’ ವದಂತಿ ಹೇಗೆ ಹಬ್ಬಿತೆಂದು ಚರ್ಚಿಸಲು ಬಿಡಿ. ಭಯವನ್ನು ತಾವೇ ಬಿಚ್ಚಿ ನೋಡುವುದರಲ್ಲಿ ಆ ವಯಸ್ಸಿನವರಿಗೆ ಸಿಗುವ ಸಂತೋಷ ದೊಡ್ಡದು.

ಮಿಠಾಯಿಯ ಬಗ್ಗೆ ಎಚ್ಚರ ಅಗತ್ಯ. ಜೆಲ್ಲಿ, ಮಾರ್ಷ್‌ಮ್ಯಾಲೋಗಳಲ್ಲಿ ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಜೆಲಟಿನ್ ಇರಬಹುದು. ಪೊಟ್ಟಣದ ಮೇಲೆ ಐಎನ್‌ಎಸ್ 120 ಎಂದಿದ್ದರೆ ಅದು ಕೊಚಿನಿಯಲ್ ಕೀಟದಿಂದ ತೆಗೆದ ಕೆಂಪು ಬಣ್ಣ. ಹಸಿರು ಗುರುತನ್ನು ನೋಡಿಯೇ ಕೊಳ್ಳಬೇಕು. ಶೇಂಗಾ ಚಿಕ್ಕಿ, ಕಡಲೆಮಿಠಾಯಿ, ಎಳ್ಳುಂಡೆಗಳನ್ನು ಮನೆಯಿಂದಲೇ ಕಳುಹಿಸಿದರೆ ಈ ಚಿಂತೆಯೇ ಇಲ್ಲ.

‘ಕೊಡು, ಇಲ್ಲದಿದ್ದರೆ ಕಾಟ ಕೊಡುತ್ತೇನೆ’ ಎಂದು ಮನೆಮನೆಗೆ ಹೋಗಿ ಬೇಡುವ ಪದ್ಧತಿಯನ್ನು ತಿರುವಿಹಾಕಲು ಅಡ್ಡಿಯಿಲ್ಲ. ಅಮೆರಿಕದಲ್ಲಿಯೇ 1950ರಿಂದ ಮಕ್ಕಳು ಆ ಸಂಜೆ ಪೆಟ್ಟಿಗೆ ಹಿಡಿದು ಯುನಿಸೆಫ್‌ಗಾಗಿ ಹಣ ಕೂಡಿಸುವ ರೂಢಿ ಬೆಳೆಯಿತು. ಹಬ್ಬದ ಒಡೆಯರೇ ಬೇಡುವುದನ್ನು ದಾನವಾಗಿ ಮಾರ್ಪಡಿಸಿದಾಗ ದಾನವನ್ನು ಷಟ್ಕರ್ಮಗಳಲ್ಲಿ ಒಂದಾಗಿ ಎಣಿಸಿದ ನಾವು ಹಿಂದೆ ಬೀಳಬೇಕೇ? ನಮ್ಮ ಮಕ್ಕಳು ಮನೆಮನೆಗೆ ಹೋಗಲಿ, ಸರಕಾರಿ ಶಾಲೆಯ ಮಕ್ಕಳಿಗಾಗಿ ನೋಟುಪುಸ್ತಕ, ಪೆನ್ಸಿಲ್ಲುಗಳನ್ನೂ ಹಕ್ಕಿಗಳಿಗಾಗಿ ಕಾಳನ್ನೂ ಕೇಳಿ ತರಲಿ.

ಕೊನೆಯದಾಗಿ ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನನ್ನ ಆಗ್ರಹ. ನಿರ್ಣಯ ಮಾಡಿ ಸುತ್ತೋಲೆ ಹೊರಡಿಸುವುದು ಸುಲಭ. ಅದನ್ನು ಮಕ್ಕಳು ಓದುವುದಿಲ್ಲ. ಅದರ ಬದಲು ಬಸದಿಯಿರಲಿ, ಮಂದಿರವಿರಲಿ, ಸ್ಥಾನಕವಿರಲಿ, ನಾಲ್ಕೂ ತಾಲ್ಲೂಕುಗಳಲ್ಲಿ ನಿರ್ವಾಣೋತ್ಸವದ ಒಂದು ಮಧ್ಯಾಹ್ನವನ್ನು ಪೂರ್ಣವಾಗಿ ಮಕ್ಕಳಿಗೆ ಬಿಟ್ಟುಕೊಡಿ. ಭಾಷಣ ಬೇಡ, ಸನ್ಮಾನ ಬೇಡ. ವೇಷ, ಹಾಡು, ದೀಪ, ತಿಂಡಿ, ಒಂದು ಕಥೆ, ಇಷ್ಟಿರಲಿ. ನೆರೆಹೊರೆಯ ಮಕ್ಕಳನ್ನೂ ಕರೆಯಿರಿ. ಸನ್ಮಾನದ ಶಾಲುಹಾರಗಳಿಗೆ ತೆರುವ ಹಣದಲ್ಲಿ ಇದೆಲ್ಲ ಆಗುತ್ತದೆ.

ಆ ಒಂದು ಕಥೆ ಜನ್ನನದೇ ಆಗಲಿ, ದೊಡ್ಡ ಮಕ್ಕಳಿಗೆ. ಹಿಟ್ಟಿನ ಕೋಳಿಯನ್ನು ಕಡಿದ ಆ ಇಬ್ಬರೇ ಕಡೆಗೆ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಮಾರಿಗುಡಿಗೆ ಬಲಿಗೆಂದು ಎಳೆತಂದಾಗ, ಸುತ್ತಲಿನ ಘೋರವನ್ನೆಲ್ಲ ಕಂಡೂ ಅಂಜದೆ ನಿಲ್ಲುತ್ತಾರೆ. ಅವರ ಮಾತು ಕೇಳಿ ಬಲಿ ಕೊಡಬಂದ ಅರಸ ಮಾರಿದತ್ತನೇ ಹಿಂಸೆಯನ್ನು ತೊರೆಯುತ್ತಾನೆ. ಈ ವರ್ಷದ ನಿರ್ವಾಣೋತ್ಸವಕ್ಕೆ ಯಾವ ಊರಿನ ಪಾಠಶಾಲೆ ಈ ಕಥೆಯನ್ನು ಆಡಿಸುತ್ತದೆಯೆಂಬುದನ್ನು ಟ್ರಸ್ಟುಗಳು ಈಗಲೇ ನಿಶ್ಚಯಿಸಲಿ. ಅಕ್ಟೋಬರಿನಲ್ಲಿ ಶಾಲೆಯ ಸೂಚನೆ ಬಂದ ಮೇಲೆ ಸಭೆ ಸೇರಿ ಫಲವಿಲ್ಲ.