ನಗಾರಿ ಯಂತ್ರಕ್ಕೆ ಆಷಾಢವಿಲ್ಲ

ಮಹಾಮಂಗಳಾರತಿಯ ಹೊತ್ತಿಗೆ ಅರ್ಚಕರು ಗೋಡೆಯ ಸ್ವಿಚ್ಚು ಒತ್ತುತ್ತಾರೆ. ಮೋಟಾರು ತಿರುಗುತ್ತದೆ, ಕೋಲುಗಳು ನಗಾರಿಗೆ ಬಡಿಯುತ್ತವೆ, ಗಂಟೆ ಜಾಗಟೆಗಳು ಕಿವಿ ಗಡಚಿಕ್ಕುತ್ತವೆ. ಯಂತ್ರದ ಮೈಮೇಲೆ ಕೆಂಪು ಬಣ್ಣದಲ್ಲಿ ದಾನಿಯ ಹೆಸರು, ಪಕ್ಕದಲ್ಲಿ ‘ಸೇವಾರ್ಥ’ ಎಂಬ ಒಕ್ಕಣೆ. ಎಷ್ಟೋ ಗುಡಿಗಳಲ್ಲಿ ಈಗ ಇದೇ ಮಂಗಳವಾದ್ಯ. ಆಕ್ಷೇಪಿಸಿದರೆ ಸಿದ್ಧ ಉತ್ತರವೊಂದಿದೆ: ‘ಬಾರಿಸೋರು ಎಲ್ಲಿ ಸಿಗ್ತಾರೆ ಸ್ವಾಮಿ?’

ಬಾರಿಸುವವರಿಗೆ ತಿಂಗಳ ಸಂಬಳ ಎಲ್ಲಿ ಸಿಗುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾದಸ್ವರ, ಡೋಲಿನವರ ಅನ್ನ ಇರುವುದು ಮದುವೆಯ ಮುಹೂರ್ತಗಳಲ್ಲಿ. ಆಷಾಢದಲ್ಲಿ ಓಲಗವಿಲ್ಲ, ಧನುರ್ಮಾಸದಲ್ಲೂ ಇಲ್ಲ. ಆ ಖಾಲಿ ತಿಂಗಳುಗಳನ್ನು ದಾಟಿಸುತ್ತಿದ್ದದ್ದು ದೇವಸ್ಥಾನದ ನಿತ್ಯಸೇವೆ. ಕೈಗೆ ಬರುತ್ತಿದ್ದದ್ದು ಅಲ್ಪವೇ. ಆದರೆ ತಪ್ಪದೆ ಬರುತ್ತಿತ್ತು. ಜೊತೆಗೆ ಬೆಳಗಿನ ಪೂಜೆಗೆ ಭೂಪಾಳ, ಉತ್ಸವ ಹೊರಟರೆ ಗಂಭೀರನಾಟದ ಮಲ್ಲಾರಿ ಎಂದು ದಿನವೂ ನುಡಿಸುವುದೇ ಸಾಧನೆಯಾಗುತ್ತಿತ್ತು. ಯಂತ್ರ ಬಂದಾಗ ಸದ್ದೊಂದೇ ಬದಲಾಗಲಿಲ್ಲ. ಕಲಾವಿದನ ಖಾಯಂ ಕೆಲಸ ಹೋಯಿತು, ಅವನ ಮಗನ ಪಾಠಶಾಲೆಯೂ ಮುಚ್ಚಿತು.

2001ರಲ್ಲಿ ಭಾರತರತ್ನ ಪಡೆದ ಬಿಸ್ಮಿಲ್ಲಾ ಖಾನರಿಗೆ ಶಹನಾಯಿ ಕಲಿಸಿದ ಸೋದರಮಾವ ಅಲಿ ಬಕ್ಷ್ ಕಾಶಿ ವಿಶ್ವನಾಥನ ಸನ್ನಿಧಿಯಲ್ಲಿ ನುಡಿಸುತ್ತಿದ್ದವರು. ನಮ್ಮ ಬಂಟ್ವಾಳ ತಾಲ್ಲೂಕಿನ ಕದ್ರಿ ಗೋಪಾಲನಾಥರ ತಂದೆ ನಾದಸ್ವರ ವಿದ್ವಾಂಸರು. ಬಾಲಕ ಗೋಪಾಲನಾಥರು ಸ್ಯಾಕ್ಸೋಫೋನ್ ಕಂಡು ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಗುಡಿಯಿರಲಿ, ಅರಮನೆಯಿರಲಿ, ವಾದ್ಯ ಹಿಡಿದವನಿಗೆ ಅಲ್ಲೊಂದು ಕೆಲಸವಿತ್ತು. ಆದ್ದರಿಂದಲೇ ಅಲ್ಲಿ ಕಿವಿ ಕೊಟ್ಟ ಹುಡುಗರಿಗೆ ದಾರಿ ತೆರೆಯಿತು. ಸಾಧನೆಯ ತುದಿಯಲ್ಲಿರುವವರಿಗೆ ಪದ್ಮಶ್ರೀ ಕೊಟ್ಟು ಬೀಗುತ್ತೇವೆ. ಬೇರಿಗೆ ಮಾತ್ರ ಮೋಟಾರು ಕೂರಿಸುತ್ತೇವೆ.

ಸಣ್ಣ ಗುಡಿಗಳಿಗೆ ಎಲ್ಲಿಯ ಹಣ ಎನ್ನುವವರ ಮಾತು ಸುಳ್ಳಲ್ಲ. ಹುಂಡಿಯ ಕಾಸು ದೀಪದೆಣ್ಣೆಗೂ ಸಾಲದ ಕಡೆ ನಗಾರಿ ಯಂತ್ರ ಇರಲಿ ಬಿಡಿ. ಆದರೆ ಮುಜರಾಯಿಯಲ್ಲಿ ‘ಎ’ ದರ್ಜೆಯ ಗುಡಿಗಳೂ ಇವೆಯಲ್ಲ? ವರ್ಷಕ್ಕೆ 25 ಲಕ್ಷ ರೂಪಾಯಿಗೂ ಮೀರಿ ವರಮಾನ ಬರುವಲ್ಲಿ ಇಬ್ಬರು ವಾದ್ಯದವರ ಸಂಬಳ ಹೊರೆಯಾಗಬಾರದು. ಅಂಥ ಕಡೆಯೂ ಯಂತ್ರ ಗಡಗಡಿಸಿದರೆ ಅದು ಬಡತನದ ಸದ್ದಲ್ಲ, ಉದಾಸೀನದ್ದು.

ಸಂಪ್ರದಾಯ ಉಳಿಸಿ ಎಂದು ಗೋಳಿಡುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಆ ಸಂಪ್ರದಾಯ ಓಲಗದವರನ್ನು ನಡೆಸಿಕೊಂಡ ರೀತಿ ಮರೆಯುವಂಥದ್ದಲ್ಲ. ಹಾಡುಗಾರರಿಗೆ ವೇದಿಕೆ, ಇವರಿಗೆ ಛತ್ರದ ಮೂಲೆ. ಕೊನೆಯ ಪಂಕ್ತಿಯಲ್ಲಿ ಊಟ. ಓಲಗ ನುಡಿಸುತ್ತ ಬಂದ ಕ್ಷೌರಿಕ ಸಮುದಾಯದ ಮಕ್ಕಳು ಅಪ್ಪನ ನಾದಸ್ವರವನ್ನು ಅಟ್ಟಕ್ಕೆ ಏರಿಸಿದ್ದರೆ ಅದಕ್ಕೆ ಆಲಸ್ಯ ಕಾರಣವಲ್ಲ, ಅವಮಾನ ಕಾರಣ. ಹಾಗಾಗಿ ಹಳೆಯ ಊಳಿಗವನ್ನೇ ಮರಳಿಸಿದರೆ ಸಾಲದು. ಬೇಕಾದದ್ದು ಹುದ್ದೆ: ಜಾತಿ ಕೇಳದೆ, ಕೈಬೆರಳು ಮತ್ತು ಉಸಿರನ್ನಷ್ಟೇ ಪರೀಕ್ಷಿಸಿ ಕೊಡುವ ಹುದ್ದೆ. ಮುಸ್ಲಿಮರಾದ ಶೇಖ್ ಚಿನ್ನ ಮೌಲಾನಾ ಶ್ರೀರಂಗದಲ್ಲಿ ನೆಲೆಸಿ ನಾದಸ್ವರದ ಮಹಾ ವಿದ್ವಾಂಸರೆನಿಸಿದ ಮೇಲೂ ವಾದ್ಯಕ್ಕೆ ಜಾತಿಯಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕೇ?

‘ಎ’ ದರ್ಜೆಯ ಪ್ರತಿ ದೇವಸ್ಥಾನದಲ್ಲೂ ವಾದ್ಯದವರ ಹುದ್ದೆ ಕಡ್ಡಾಯವಾಗಲಿ. ವೇತನ, ರಜೆ, ಭವಿಷ್ಯನಿಧಿ ಇರಲಿ. ಹತ್ತಿರದ ನಾಲ್ಕೈದು ಮಧ್ಯಮ ಗುಡಿಗಳು ಸೇರಿ ಒಂದು ಮೇಳವನ್ನು ಇಟ್ಟುಕೊಳ್ಳಲಿ, ಸರದಿಯ ಮೇಲೆ ಅವರು ಬಂದು ನುಡಿಸಲಿ. ಶಿಬಿರ, ಪ್ರಶಸ್ತಿ, ಶಾಲುಗಳ ಮಾತು ಆಮೇಲೆ. ಕಲಿತರೆ ಕೆಲಸವಿದೆ ಎಂದು ಗೊತ್ತಾದರೆ ಕಲಿಯುವವರು ತಾವಾಗಿ ಬರುತ್ತಾರೆ.

ಭಕ್ತರನ್ನೂ ದೂರಲಾರೆ. ಯಂತ್ರ ಕೊಡಿಸಿದರೆ ತಗಡಿನ ಮೇಲೆ ಹೆಸರು ಬರುತ್ತದೆ. ಡೋಲಿನವನ ಒಂದು ತಿಂಗಳ ಸಂಬಳ ಕೊಟ್ಟವರ ಹೆಸರು ಬರೆಯಲು ಜಾಗವೇ ಇಲ್ಲ. ಸೇವಾ ದರಪಟ್ಟಿಯಲ್ಲಿ ಕುಂಕುಮಾರ್ಚನೆ, ಪಂಚಾಮೃತ ಅಭಿಷೇಕಗಳ ಕೆಳಗೆ ‘ವಾದ್ಯಸೇವೆ’ ಎಂಬ ಒಂದು ಸಾಲು ಸೇರಲಿ, ಅದಕ್ಕೂ ರಸೀದಿ ಹರಿಯಲಿ. ಹೆಸರು ಬೇಕೆನ್ನುವವರದನ್ನು ದೊಡ್ಡ ಅಕ್ಷರದಲ್ಲೇ ಬರೆಯಿಸೋಣ, ನನ್ನ ತಕರಾರಿಲ್ಲ. ಆಷಾಢದ ಒಂದು ಬೆಳಿಗ್ಗೆ ಆ ಫಲಕದ ಕೆಳಗೆ ಮನುಷ್ಯನೊಬ್ಬ ಕೂತು ಭೂಪಾಳ ನುಡಿಸುತ್ತಿದ್ದರೆ ಸಾಕು.