ಒಳಕ್ಕೆ ಹೋಗ್ತಿಲ್ಲ ಕಣೋ!

ಓದುಗ ದೊರೆಗಳೇ, ಈ ವಾರ ಮುಹೂರ್ತದ ಸುದ್ದಿಯಿಲ್ಲ, ನಾಯಕಿಯ ಮದುವೆ ಗುಸುಗುಸುವೂ ಇಲ್ಲ. ಊಟದ ಮಾತು. ಒಂದೇ ಒಂದು ಸಲ ಸಹಿಸಿಕೊಳ್ಳಿ.

1971ರ ಹಿಂದಿ ಚಿತ್ರ ‘ಆನಂದ್’ ನೋಡಿದ್ದೀರಲ್ಲ? ನಿರ್ದೇಶನ ಹೃಷಿಕೇಶ್ ಮುಖರ್ಜಿ. ರಾಜೇಶ್ ಖನ್ನಾ ರೋಗಿ, ಅಮಿತಾಭ್ ಬಚ್ಚನ್ ಡಾಕ್ಟರು. ಕಥೆಯಲ್ಲಿ ಆನಂದನಿಗೆ ಬಂದಿರೋದು ಕರುಳಿನ ಕ್ಯಾನ್ಸರ್! ಆದರೆ ನೋಡಿ ಬಂದವರಿಗೆ ನೆನಪಿರೋದು ಅವನ ನಗು, ಹಾಡು. ಕರುಳಿನ ಗೋಳು ಯಾರಿಗೆ ನೆನಪಿದೆ? ನನಗೂ ಇರಲಿಲ್ಲ, ನಮ್ಮಪ್ಪ ಹಾಸಿಗೆ ಹಿಡಿಯೋ ತನಕ.

ಅಪ್ಪ ನಮ್ಮೂರ ಟಾಕೀಸಿನಲ್ಲಿ ಆಪರೇಟರ್. ಸೆಕೆಂಡ್ ಶೋ ಮುಗಿಸಿ ಬಂದು ಎರಡು ಮುದ್ದೆ, ಬಸ್ಸಾರು ಹೊಡೆಯುತ್ತಿದ್ದ ಆಸಾಮಿ. ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾದಾಗ ನಾನು ಪಿ.ಯು.ಸಿ. ಓದುತ್ತಿದ್ದೆ. ಕಾಲೇಜಿಗೆ ಅಲ್ಲಿಗೇ ಶುಭಂ!

‘ತಿಂದ್ರೆ ತಾನೇ ಶಕ್ತಿ’ ಅನ್ನೋದು ನಮ್ಮನೆ ಮಂತ್ರ. ನೆಂಟರು ತಂದ ಸೇಬು, ಹಾರ್ಲಿಕ್ಸ್ ಎಲ್ಲ ರಾಶಿ ಬಿದ್ದಿತ್ತು. ಅಪ್ಪ ತಟ್ಟೆ ಪಕ್ಕಕ್ಕೆ ತಳ್ಳುತ್ತಿದ್ದ. ಒಂದು ದಿನ ನಾನು ಗದರಿಸಿ ಒಂದು ದೊಡ್ಡ ಲೋಟ ರಾಗಿ ಗಂಜಿ ಕುಡಿಸಿದೆ. ಹತ್ತೇ ನಿಮಿಷ. ಅಷ್ಟೂ ವಾಂತಿ. ಬಾಯಿ ಒರೆಸಿಕೊಂಡು ಅಪ್ಪ ಅಂದ: “ಉಪವಾಸ ಮಾಡ್ತಿಲ್ಲ ಕಣೋ ಮಗ. ಒಳಕ್ಕೆ ಹೋಗ್ತಿಲ್ಲ.”

ಮಾರನೇ ದಿನ ಆಸ್ಪತ್ರೆಯ ನರ್ಸಮ್ಮನ ಮುಂದೆ ಅತ್ತೆ. ಅವರು ಕೂರಿಸಿಕೊಂಡು ಹೇಳಿದರು: “ನೋಡಪ್ಪಾ, ಇದು ಅವರ ಹಟ ಅಲ್ಲ. ಕಾಯಿಲೆಯೇ ಹಸಿವನ್ನ ಅಡಗಿಸುತ್ತೆ, ಸ್ನಾಯು ಕರಗಿಸುತ್ತೆ. ಕೀಮೋ ಕೊಟ್ರೆ ಬಾಯಿ ರುಚಿಯೂ ಕೆಡುತ್ತೆ. ಮಲ ಹೋಗಿ ಎಷ್ಟು ದಿನ ಆಯ್ತು?”

ನಾನು ತಬ್ಬಿಬ್ಬು! ಆ ಪ್ರಶ್ನೆ ನಾವು ಅಪ್ಪನನ್ನು ಕೇಳಿಯೇ ಇರಲಿಲ್ಲ. ಕೇಳಿದರೆ, ಎಂಟು ದಿನ! ನಾಚಿಕೆಗೆ ಬಾಯಿ ಬಿಟ್ಟಿರಲಿಲ್ಲ. ನೋವಿಗೆ ಕೊಡುವ ಮಾರ್ಫಿನ್ ಗುಳಿಗೆ ಕರುಳಿನ ಓಡಾಟವನ್ನು ನಿಧಾನ ಮಾಡುತ್ತದಂತೆ. ಅದಕ್ಕೇ ಅದರ ಜೊತೆಗೇ ಮಲ ಸಡಿಲವಾಗುವ ಔಷಧಿಯನ್ನೂ ಮೊದಲ ದಿನದಿಂದಲೇ ಕೊಡಬೇಕು. ನಮಗೂ ಬರೆದುಕೊಟ್ಟಿದ್ದರು, ‘ಇದೇನು ಮುಖ್ಯ’ ಅಂತ ನಾನೇ ತಂದಿರಲಿಲ್ಲ. ತಪ್ಪು ನನ್ನದು.

ಅಂದಿನಿಂದ ಮನೆ ಪದ್ಧತಿ ಬದಲಾಯಿತು. ಎರಡು ಗಂಟೆಗೊಮ್ಮೆ ಸಣ್ಣ ಬಟ್ಟಲು: ಮೆತ್ತಗಿನ ಮೊಸರನ್ನ, ಬೇಳೆ ಕಟ್ಟು, ಬೇಯಿಸಿದ ಮೊಟ್ಟೆಯ ಒಂದು ಚೂರು. ಬಿಸಿ ಅಡುಗೆಯ ವಾಸನೆಗೆ ಓಕರಿಕೆ ಬಂದರೆ ಆರಿಸಿ ಕೊಟ್ಟೆವು. ಬಾಯಿಹುಣ್ಣು ಎದ್ದಾಗ ಖಾರ, ಹುಳಿ ಬಂದ್. ಭೇದಿಯಾದ ದಿನ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಗುಟುಕು ಗುಟುಕಾಗಿ. ಚಮಚ ಅಂದರೆ ಟೀ ಚಮಚ, ನೆನಪಿರಲಿ. ಮತ್ತೊಂದು ಎಚ್ಚರಿಕೆ: ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಆಗ ಇಸಬ್‌ಗೋಲ್, ಹರಳೆಣ್ಣೆ ಅಂತ ಮನೆಮದ್ದು ಬೇಡ, ಸೀದಾ ಡಾಕ್ಟರ ಹತ್ತಿರ ಓಡಿ.

ಅಪ್ಪ ಉಳಿಯಲಿಲ್ಲ. ಆದರೆ ಕೊನೆಯ ತಿಂಗಳು ಹೊಟ್ಟೆ ಹಗುರಾಗಿ, ನಾಲ್ಕು ತುತ್ತು ಉಂಡು, ರೀಲು ಕಿತ್ತುಹೋದಾಗ ಜನ ಬೈದ ಕಥೆ ಹೇಳಿ ನಗಿಸಿದ. ಕೊನೆಯ ಮೂರು ದಿನ ಏನೂ ಕೇಳಲಿಲ್ಲ. ಅರೆಪ್ರಜ್ಞೆಯಲ್ಲಿ ಸುರಿದದ್ದು ಶ್ವಾಸಕೋಶಕ್ಕೆ ಹೋಗಬಹುದು ಅಂದಿದ್ದರು ನರ್ಸಮ್ಮ. ಅಮ್ಮ ಒದ್ದೆ ಹತ್ತಿಯಿಂದ ತುಟಿ ಮಾತ್ರ ಒರೆಸುತ್ತಿದ್ದಳು.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಮಲಗಿದ್ದರೆ ಗದರಬೇಡಿ. “ಒಳಕ್ಕೆ ಹೋಗ್ತಿದ್ಯಾ, ಹೊರಕ್ಕೆ ಹೋಗ್ತಿದ್ಯಾ?” ಅಂತ ಎರಡನ್ನೂ ಕೇಳಿ. ನಾಚಿಕೆ ಬೇಡ.

ಬರುವ ವಾರ ಖಂಡಿತ ಸಿನಿಮಾ ಸುದ್ದಿ!