ನಡೆದು ಮುಗಿಸಿದ ಓಟಕ್ಕೂ ಬೆಲೆಯಿದೆ

ಓಟದ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಕತೆಗಳು ಚಾಲ್ತಿಯಲ್ಲಿವೆ. ಒಂದು ಗೆದ್ದವರದ್ದು, ಇನ್ನೊಂದು ಬಿದ್ದು ಎದ್ದು ಕೊನೆಗೆ ಗೆದ್ದವರದ್ದು. ಸುಮ್ಮನೆ ಕೆಟ್ಟದಾಗಿ ಓಡಿ, ಬಸ್ಸು ಹಿಡಿದು ಮನೆಗೆ ಬಂದವರ ಕತೆಯನ್ನು ಯಾರೂ ಹೇಳುವುದಿಲ್ಲ. ಆದರೆ ಓಡುವವರೆಲ್ಲ ಒಂದಲ್ಲ ಒಂದು ದಿನ ಈ ಮೂರನೇ ಗುಂಪಿಗೆ ಸೇರುವವರೇ. ಆ ದಿನವನ್ನು ಹೇಗೆ ನೋಡಬೇಕು ಎಂಬುದನ್ನೂ ನಾವು ಕಲಿಯಬೇಕು ಎಂಬುದು ನನ್ನ ವಾದ.

ದೇವನಹಳ್ಳಿ ಸುತ್ತಮುತ್ತ ಬೆಳಗಿನ ಜಾವ ಐದಕ್ಕೆ ರಸ್ತೆಗಿಳಿದರೆ ಎರಡು ಬಗೆಯ ಓಟಗಾರರು ಕಾಣುತ್ತಾರೆ. ನಂದಿ ಬೆಟ್ಟದ ಕಡೆಯ ರಸ್ತೆಯಲ್ಲಿ ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವವರು. ಕೈಯಲ್ಲಿ ಜಿಪಿಎಸ್ ವಾಚು, ಕಾಲಲ್ಲಿ ದುಬಾರಿ ಶೂ. ಹಳ್ಳಿಗಳ ಒಳರಸ್ತೆಯಲ್ಲಿ, ಶಾಲೆಯ ಮೈದಾನದಲ್ಲಿ ಪೊಲೀಸ್ ಮತ್ತು ಸೇನೆಯ ನೇಮಕಾತಿಗಾಗಿ ಓಡುವ ನಮ್ಮೂರಿನ ಹುಡುಗ ಹುಡುಗಿಯರು. ಇವರಿಗೆ ಗೆಳೆಯನ ಮೊಬೈಲೇ ಸ್ಟಾಪ್‌ವಾಚು. ನಾನು ಇವೆರಡರ ನಡುವಿನವನು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಾ, ಹವ್ಯಾಸಕ್ಕೆ ದೂರದ ಓಟ ಓಡುವವನು.

ಬೆಂಗಳೂರಿನಲ್ಲಿ ನಡೆದ ಒಂದು ಹಾಫ್ ಮ್ಯಾರಥಾನ್‌ಗೆ ನಾಲ್ಕು ತಿಂಗಳು ತಯಾರಿ ಮಾಡಿದ್ದೆ. 21.1 ಕಿ.ಮೀ. ದೂರವನ್ನು 1 ಗಂಟೆ 55 ನಿಮಿಷದಲ್ಲಿ ಮುಗಿಸುವ ಗುರಿ. 15 ಕಿ.ಮೀ.ವರೆಗೆ ಎಲ್ಲವೂ ಲೆಕ್ಕದಂತೆಯೇ ಇತ್ತು. ಅಷ್ಟರಲ್ಲಿ ಸೆಖೆ ಏರಿತು, ಮೀನಖಂಡ ಹಿಡಿಯಿತು, 16ನೇ ಕಿ.ಮೀ. ಹೊತ್ತಿಗೆ ತಲೆ ಸುತ್ತತೊಡಗಿತು. ಉಳಿದ ಐದು ಕಿ.ಮೀ. ನಡೆದೇ ಮುಗಿಸಿದೆ. ಸಮಯ 2 ಗಂಟೆ 26 ನಿಮಿಷ. ಮನೆಗೆ ಬಂದಾಗ ಕೇಳಿದ ಮೊದಲ ಪ್ರಶ್ನೆ, ‘ಎಷ್ಟನೇ ಪ್ಲೇಸು?’ ಎರಡನೆಯದು, ‘ಇಷ್ಟಕ್ಕೆ ದುಡ್ಡು ಕಟ್ಟಿ ಹೋಗಬೇಕಿತ್ತಾ?’

ಪ್ರಶ್ನೆ ಕೇಳಿದವರ ಮೇಲೆ ನನಗೆ ಬೇಸರವಿಲ್ಲ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಇಂಟರ್‌ವ್ಯೂವರೆಗೆ ನಮ್ಮ ಬದುಕು ಒಂದೊಂದು ದಿನದ ತೀರ್ಪಿನ ಮೇಲೆಯೇ ನಿಂತಿದೆ. ಹಾಗಾಗಿ ಓಟವನ್ನೂ ಪರೀಕ್ಷೆಯ ಕಣ್ಣಿನಿಂದಲೇ ನೋಡುತ್ತೇವೆ. ದೇಹ ಹಾಗೆ ಕೆಲಸ ಮಾಡುವುದಿಲ್ಲ. ಸೆಖೆಯಲ್ಲಿ ಓಡುವಾಗ ಮೈಯನ್ನು ತಣ್ಣಗಿಡಲು ಹೆಚ್ಚು ರಕ್ತ ಚರ್ಮದ ಕಡೆಗೆ ಹರಿಯಬೇಕು. ಅದೇ ಹೊತ್ತಿಗೆ ಕಾಲಿನ ಸ್ನಾಯುಗಳಿಗೂ ರಕ್ತ ಬೇಕು. ಬೆವರಿನಲ್ಲಿ ನೀರು ಹೋದಂತೆ ಹೃದಯದ ಬಡಿತ ಏರುತ್ತದೆ. ನಿನ್ನೆ ಸುಲಭವಾಗಿದ್ದ ವೇಗವೇ ಇವತ್ತು ಭಾರವಾಗುತ್ತದೆ. ನಾಲ್ಕು ತಿಂಗಳಲ್ಲಿ ಕಾಲಿಗೆ ಬಂದ ಶಕ್ತಿ ಆ ಒಂದು ಬೆಳಿಗ್ಗೆ ಎಲ್ಲಿಗೂ ಹೋಗಿರುವುದಿಲ್ಲ. ಆ ದಿನ ಅದು ಗಡಿಯಾರದಲ್ಲಿ ಕಾಣಲಿಲ್ಲ, ಅಷ್ಟೇ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಕೆನ್ಯಾದ ಎಲಿಯುಡ್ ಕಿಪ್ಚೋಗೆ 2019ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಎರಡು ಗಂಟೆಯೊಳಗೆ ಮ್ಯಾರಥಾನ್ ದೂರ ಓಡಿದ ಮೊದಲ ಮನುಷ್ಯ. ಮರುವರ್ಷ ಲಂಡನ್‌ನಲ್ಲಿ ಎಂಟನೆಯವರಾದರು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಚಿನ್ನ, 2022ರಲ್ಲಿ ಬರ್ಲಿನ್‌ನಲ್ಲಿ ವಿಶ್ವದಾಖಲೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 30 ಕಿ.ಮೀ. ಆಸುಪಾಸಿನಲ್ಲಿ ನೋವಿನಿಂದ ಓಟ ನಿಲ್ಲಿಸಿದರು. ಇದರಲ್ಲಿ ಯಾವ ದಿನ ನಿಜವಾದ ಕಿಪ್ಚೋಗೆ? ಎಲ್ಲ ದಿನವೂ ಅವರೇ.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದಾರೆ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು. ಆ ಸಲದ ದೂರ ಈಗಿನದಕ್ಕಿಂತ ಹೆಚ್ಚು, 42.75 ಕಿ.ಮೀ. ಪದಕವಿಲ್ಲ ಎಂಬ ಕಾರಣಕ್ಕೋ ಏನೋ, ನಮ್ಮಲ್ಲಿ ಎಷ್ಟೋ ಮಂದಿಗೆ ಅವರ ಹೆಸರೇ ಗೊತ್ತಿಲ್ಲ. ‘ಎಷ್ಟನೇ ಪ್ಲೇಸು’ ಎಂದಷ್ಟೇ ಕೇಳುವವರಿಗೆ ಇಂಥವರು ಕಾಣಿಸುವುದಿಲ್ಲ.

‘ನಿನ್ನದು ಹವ್ಯಾಸ, ಇನ್ನೊಂದು ಓಟಕ್ಕೆ ಹೋಗಬಹುದು. ನಮಗೆ ಅದೇ ದಿನ ಓಡಲೇಬೇಕು’ ಎಂದು ನೇಮಕಾತಿಗೆ ತಯಾರಾಗುವ ಗೆಳೆಯರು ಹೇಳುತ್ತಾರೆ. ಮಾತು ಸರಿಯೇ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಒಂದು ಸೆಕೆಂಡು ಹೆಚ್ಚಾದರೆ ಇಡೀ ವರ್ಷದ ಶ್ರಮ ನೀರುಪಾಲು. ಹಾಗಾಗಿಯೇ ಕೆಟ್ಟ ದಿನವನ್ನು ಲೆಕ್ಕಕ್ಕೆ ಹಿಡಿದು ತಯಾರಾಗುವುದು ಇವರಿಗೆ ಇನ್ನೂ ಮುಖ್ಯ. 6.30ರ ಗುರಿ ಎಂದರೆ 400 ಮೀಟರಿನ ಒಂದು ಸುತ್ತಿಗೆ ಸುಮಾರು 97 ಸೆಕೆಂಡು. ಅಭ್ಯಾಸದಲ್ಲಿ ಸುತ್ತಿಗೆ 90 ಸೆಕೆಂಡಿಗೆ ತಂದುಕೊಂಡರೆ ಒಟ್ಟು 6 ನಿಮಿಷದಲ್ಲಿ ಮುಗಿಯುತ್ತದೆ. ಆ ಅರ್ಧ ನಿಮಿಷ ನಿದ್ದೆಗೆಟ್ಟ ರಾತ್ರಿಗೆ, ಬಿಸಿಲಿಗೆ, ಗಾಬರಿಗೆ ಮೀಸಲು.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. 2024ರಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು ಒಂದು ಗಂಟೆಯಲ್ಲಿ 10 ಕಿ.ಮೀ. ಓಡಬೇಕಿತ್ತು. ದೈಹಿಕ ಪರೀಕ್ಷೆಯ ಸಂದರ್ಭದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ಪರೀಕ್ಷೆಯನ್ನು ಕೆಲದಿನ ನಿಲ್ಲಿಸಬೇಕಾಯಿತು. ಅವರೆಲ್ಲ ಕೆಲಸಕ್ಕಾಗಿ ಓಡಿದವರು, ನಮ್ಮದೇ ವಯಸ್ಸಿನವರು. ‘ಏನೇ ಆಗಲಿ ನಿಲ್ಲಬೇಡ’ ಎಂಬ ಸ್ಟೇಟಸ್ ಹಾಕುವ ಮೊದಲು ಅವರನ್ನು ನೆನೆಯೋಣ. ತಲೆ ಸುತ್ತಿದಾಗ, ಬೆವರು ನಿಂತು ಮೈ ಸುಡುವಾಗ, ಎದೆ ಹಿಡಿದಾಗ ನಿಲ್ಲುವುದು ಹೇಡಿತನವಲ್ಲ. ಓಟ ಏರ್ಪಡಿಸುವವರಿಗೂ, ನೇಮಕಾತಿ ನಡೆಸುವವರಿಗೂ ಇಲ್ಲೊಂದು ಜವಾಬ್ದಾರಿಯಿದೆ. ಬಿಸಿಲೇರುವ ಮೊದಲೇ ಓಟ ಶುರುವಾಗಲಿ, ನೀರು ಮತ್ತು ವೈದ್ಯರು ಹತ್ತಿರವಿರಲಿ, ಅಸ್ವಸ್ಥರಾದವರಿಗೆ ಇನ್ನೊಂದು ದಿನ ಓಡುವ ಅವಕಾಶ ಸಿಗಲಿ.

ಮನೆಯವರಲ್ಲಿ, ಗೆಳೆಯರಲ್ಲಿ ಒಂದು ಸಣ್ಣ ಕೋರಿಕೆ. ಓಡಿ ಬಂದವರನ್ನು ‘ಎಷ್ಟನೇ ಪ್ಲೇಸು’ ಎಂದು ಕೇಳುವ ಮೊದಲು ‘ಹೇಗಿದ್ದೀಯ, ನೀರು ಕುಡಿದೆಯಾ’ ಎಂದು ಕೇಳಿ. ಫಲಿತಾಂಶ ಕೈಯಲ್ಲೇ ಇರುತ್ತದೆ, ಅದನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ಓಡುವ ಗೆಳೆಯರೇ, ಕೆಟ್ಟ ದಿನದ ಸಮಯವನ್ನೂ ಡೈರಿಯಲ್ಲಿ ಬರೆದಿಡಿ. ಅಂದಿನ ಹವೆ, ಹಿಂದಿನ ರಾತ್ರಿಯ ನಿದ್ದೆ, ತಿಂದದ್ದು, ಕುಡಿದದ್ದು ಎಲ್ಲವೂ ಅದರ ಪಕ್ಕದಲ್ಲಿರಲಿ. ಮುಂದಿನ ಸಲ ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಆ ಪುಟವೇ ಹೇಳುತ್ತದೆ.